ಹೆರಿಗೆಯ ದಿನ: ಲೆಕ್ಕ ಎಷ್ಟು ನಿಜ?

‘ಡಾಕ್ಟರು ಹದಿನೇಳಕ್ಕೆ ದಿನ ಕೊಟ್ಟಿದ್ದಾರೆ’ – ಬಸುರಿ ಇರುವ ಮನೆಯಲ್ಲಿ ಇಂಥ ಮಾತು ಕೇಳಿಬರುವುದು ಸಾಮಾನ್ಯ. ಮಗು ಹುಟ್ಟುವ ದಿನವನ್ನು ತಿಂಗಳುಗಟ್ಟಲೆ ಮೊದಲೇ ಹೇಳುವುದು ಹೇಗೆ? ಅದರ ಹಿಂದಿರುವುದು ಶಾಲಾ ಮಕ್ಕಳೂ ಮಾಡಬಹುದಾದ ಒಂದು ಸರಳ ಲೆಕ್ಕ.

ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಫ್ರಾನ್ಜ್ ಕಾರ್ಲ್ ನೇಗೆಲೆ (1778–1851) ಅವರ ಹೆಸರಿನಲ್ಲಿ ಈ ಸೂತ್ರ ಪ್ರಸಿದ್ಧವಾಗಿದೆ. ಕೊನೆಯ ಸಲ ಮುಟ್ಟಾದ ಮೊದಲ ದಿನಕ್ಕೆ ಏಳು ದಿನ ಕೂಡಿಸಿ, ಅಲ್ಲಿಂದ ಒಂಬತ್ತು ತಿಂಗಳು ಮುಂದೆ ಎಣಿಸಬೇಕು. ಆ ದಿನ ಜನವರಿ 10 ಆಗಿದ್ದರೆ ಹೆರಿಗೆಯ ದಿನ ಅಕ್ಟೋಬರ್ 17. ಒಟ್ಟು 280 ದಿನ, ಅಂದರೆ 40 ವಾರ.

ಗರ್ಭ ನಿಲ್ಲುವುದು ಮುಟ್ಟಾದ ಸುಮಾರು ಎರಡು ವಾರಗಳ ಬಳಿಕ. ಆದರೆ ಆ ದಿನ ಯಾರ ಕಣ್ಣಿಗೂ ಕಾಣದು. ಮುಟ್ಟಿನ ದಿನವಾದರೆ ತಾಯಿಗೆ ಗೊತ್ತಿರುತ್ತದೆ. ಆದ್ದರಿಂದಲೇ ಎಣಿಕೆ ಅಲ್ಲಿಂದ ಶುರು. ಆ ಎರಡು ವಾರ ಕಳೆದರೆ ಉಳಿಯುವುದು 266 ದಿನ. ಇಪ್ಪತ್ತೊಂಬತ್ತೂವರೆ ದಿನಗಳ ಒಂಬತ್ತು ಚಾಂದ್ರಮಾಸಗಳಿಗೂ ಹೆಚ್ಚುಕಡಿಮೆ ಅಷ್ಟೇ ದಿನ. ‘ನವಮಾಸ’ ಎಂಬ ಮಾತು ಈ ಲೆಕ್ಕಕ್ಕೂ ಹೊಂದುತ್ತದೆ!

ಈ ಸೂತ್ರ ಹೊಂದುವುದು 28 ದಿನಗಳಿಗೊಮ್ಮೆ ಮುಟ್ಟಾಗುವವರಿಗೆ. 35 ದಿನಗಳಿಗೊಮ್ಮೆ ಆಗುವವರಲ್ಲಿ ಅಂಡ ಬಿಡುಗಡೆಯಾಗುವುದೇ ಸುಮಾರು ಒಂದು ವಾರ ತಡ. ಹೆರಿಗೆಯ ದಿನವೂ ಅಷ್ಟೇ ಮುಂದಕ್ಕೆ ಹೋಗುತ್ತದೆ. ಮುಟ್ಟು ಕ್ರಮ ತಪ್ಪಿದ್ದರೆ ಅಥವಾ ದಿನ ಮರೆತುಹೋಗಿದ್ದರೆ ಸೂತ್ರ ಕೈಕೊಡುತ್ತದೆ.

ಆಗ ನೆರವಿಗೆ ಬರುವುದು ಸ್ಕ್ಯಾನಿಂಗ್. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಈ ವಿಧಾನವನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಮೊದಲ ಮೂರು ತಿಂಗಳಲ್ಲಿ ಭ್ರೂಣಗಳೆಲ್ಲ ಬಹುಪಾಲು ಒಂದೇ ವೇಗದಲ್ಲಿ ಬೆಳೆಯುತ್ತವೆ. ಹಾಗಾಗಿ ನೆತ್ತಿಯಿಂದ ಪೃಷ್ಠದವರೆಗಿನ ಉದ್ದ ಅಳೆದರೆ ಸುಮಾರು ಒಂದು ವಾರದೊಳಗಿನ ವ್ಯತ್ಯಾಸದಲ್ಲಿ ವಯಸ್ಸು ತಿಳಿಯುತ್ತದೆ. ಕೊನೆಯ ತಿಂಗಳುಗಳಲ್ಲಿ ಒಂದು ಮಗು ದಪ್ಪ, ಇನ್ನೊಂದು ಸಣ್ಣ. ಆಗ ಲೆಕ್ಕ ಮೂರು ವಾರಗಳಷ್ಟು ತಪ್ಪಬಹುದು. ಮೊದಲ ತಪಾಸಣೆಯನ್ನು ಮುಂದೂಡಬಾರದು ಎನ್ನುವುದು ಇದಕ್ಕೇ.

ಈ ಲೆಕ್ಕ ಬರೀ ಕುತೂಹಲದ್ದಲ್ಲ. 37 ವಾರಗಳಿಗೆ ಮುನ್ನ ಹುಟ್ಟುವ ಮಗುವಿನ ಶ್ವಾಸಕೋಶ ಪೂರ್ತಿ ಬಲಿತಿರದೆ ಇರಬಹುದು. 42 ವಾರ ದಾಟಿದರೆ ಮಗುವಿಗೆ ಆಹಾರ, ಆಮ್ಲಜನಕ ಒದಗಿಸುವ ಮಾಸು ಸೋಲಬಹುದು. ದಿನದ ಲೆಕ್ಕ ತಪ್ಪಿದರೆ ಇನ್ನೂ ಬಲಿಯದ ಮಗುವನ್ನು ದಿನ ಮೀರಿದೆಯೆಂದು ಬೇಗ ಹೊರತೆಗೆಯುವ ಅಪಾಯವಿದೆ. ನಿಜವಾಗಿ ದಿನ ಮೀರಿದ್ದು ಗಮನಕ್ಕೆ ಬಾರದೆಯೂ ಹೋದೀತು.

ಕೊಟ್ಟ ದಿನದಂದೇ ಹುಟ್ಟುವ ಮಕ್ಕಳು ನೂರಕ್ಕೆ ಐದರಷ್ಟು ಮಾತ್ರ. ಒಂದೆರಡು ವಾರ ಹಿಂದುಮುಂದಾಗುವುದು ಸಹಜ. ದಿನ ಕಳೆದರೆ ಗಾಬರಿ ಬೇಡ. ಆದರೆ ವೈದ್ಯರನ್ನು ಕಾಣದೆ ಮನೆಯಲ್ಲೇ ಕಾಯುವುದೂ ಬೇಡ.

ಪ್ರತಿ ತಿಂಗಳು ಮುಟ್ಟಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಅಭ್ಯಾಸವನ್ನು ತಾಯಂದಿರು ಹೆಣ್ಣುಮಕ್ಕಳಿಗೆ ಕಲಿಸುವುದು ಒಳ್ಳೆಯದು. ಮುಟ್ಟು ಏರುಪೇರಾದರೆ ಕಾಲೇಜು ದಿನಗಳಲ್ಲೇ ಅದು ತಿಳಿಯುತ್ತದೆ. ಮುಂದೊಂದು ದಿನ ವೈದ್ಯರು ಕೇಳುವ ಮೊದಲ ಪ್ರಶ್ನೆಗೂ ಉತ್ತರ ಸಿದ್ಧವಿರುತ್ತದೆ.