ಖಾಲಿ ಕೋಣೆಗೂ ಕಾವು ಬೇಕೇ?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ನನ್ನ ಮಗಳ ಮನೆ ದೊಡ್ಡದು, ಮೂರು ಕೋಣೆಗಳನ್ನು ಬಳಸುವುದೇ ಇಲ್ಲ. ಚಳಿಗಾಲದಲ್ಲಿ ಅಲ್ಲಿನ ಹೀಟರ್ ಪೂರ್ತಿ ಆರಿಸಬೇಡಿ ಎನ್ನುತ್ತಾರಲ್ಲ, ಏಕೆ? ಖರ್ಚು ಉಳಿಯುವುದಿಲ್ಲವೇ?

ಉತ್ತರ: ಉಳಿಯುತ್ತದೆ. ಆದರೆ ಆರಿಸುವುದು ಬೇಡ, ತಗ್ಗಿಸಿದರೆ ಸಾಕು.

ತಳ ತೂತಾದ ಕೊಡವನ್ನು ನೆನೆಯಿರಿ. ನೀರು ಕಂಠದವರೆಗಿದ್ದರೆ ರಭಸದಿಂದ ಸೋರುತ್ತದೆ. ಮಟ್ಟ ಇಳಿದಂತೆ ಧಾರೆ ಸಣ್ಣದಾಗುತ್ತದೆ. ಮನೆಯ ಶಾಖವೂ ಹಾಗೆಯೇ. ಹೊರಗೆ 5 ಡಿಗ್ರಿ, ಕೋಣೆಯಲ್ಲಿ 20 ಡಿಗ್ರಿ ಇದ್ದರೆ ಅಂತರ 15. ಕೋಣೆಯನ್ನು 12ಕ್ಕೆ ಇಳಿಸಿದರೆ ಅಂತರ ಬರೀ 7. ಹೊರಗೋಡೆಯಿಂದ ಸೋರುವ ಶಾಖ ಅರ್ಧಕ್ಕಿಂತ ಕಡಿಮೆಯಾಯಿತು!

ಇಷ್ಟೂ ಉಳಿತಾಯ ಕೈಗೆ ಬರುವುದಿಲ್ಲ. ಒಳಗೋಡೆಗಳಿಗೆ ಸಾಮಾನ್ಯವಾಗಿ ಶಾಖ ತಡೆಯುವ ಪದರ ಇರುವುದಿಲ್ಲ. ಪಕ್ಕದ ಬೆಚ್ಚನೆಯ ಕೋಣೆಯ ಕಾವು ಅತ್ತ ಹರಿಯುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ತೇವದ್ದು. ಅಡುಗೆ, ಸ್ನಾನ, ನಮ್ಮ ಉಸಿರಿನಿಂದಲೂ ಗಾಳಿಗೆ ಸೇರಿದ ನೀರಾವಿ ತಣ್ಣನೆಯ ಕೋಣೆಗೆ ನುಸುಳಿ ಗೋಡೆಯ ಮೇಲೆ ಹನಿಗಟ್ಟುತ್ತದೆ. ಮಲೆನಾಡಿನ ಮಳೆಗಾಲ ಕಂಡವರಿಗೆ ಮುಂದಿನದು ಗೊತ್ತು: ಬೂಷ್ಟು. ಹೊರಗಿನ ಚಳಿ ಶೂನ್ಯಕ್ಕಿಂತ ಕೆಳಗಿಳಿದರೆ ಕೊಳವೆಯ ನೀರು ಹೆಪ್ಪುಗಟ್ಟಿ, ಹಿಗ್ಗಿ, ಕೊಳವೆ ಒಡೆಯಲೂಬಹುದು.

ಆದ್ದರಿಂದ ಆ ಕೋಣೆಗಳ ರೇಡಿಯೇಟರ್ ತಿರುಗಣೆಯನ್ನು ಕಡಿಮೆ ಅಂಕಿಗೆ ಇಡಲಿ, ಬಾಗಿಲು ಮುಚ್ಚಿ ಕೆಳಗಿನ ಸಂದಿಗೆ ಬಟ್ಟೆ ಒತ್ತಲಿ. ಆಗಾಗ ಕಿಟಕಿ ತೆರೆದು ತೇವ ಹೊರಹಾಕಲಿ. ಅಮೆರಿಕದ ಅನೇಕ ಮನೆಗಳಂತೆ ನಾಳಗಳಲ್ಲಿ ಬಿಸಿಗಾಳಿ ಬರುವ ವ್ಯವಸ್ಥೆಯಿದ್ದರೆ ಮಾತು ಬೇರೆ. ಅಲ್ಲಿ ಹಲವು ಕಿಂಡಿಗಳನ್ನು ಮುಚ್ಚಿದರೆ ಒತ್ತಡ ಏರಿ, ಬಿಸಿಗಾಳಿ ನಾಳದ ಸಂದುಗಳಲ್ಲೇ ಸೋರಿಹೋಗುತ್ತದೆ.