ಹನ್ನೊಂದು ಗಂಟೆ ಟೀ

ಯಲಹಂಕದಿಂದ ರಾಜಾನುಕುಂಟೆ, ಹೆಸರಘಟ್ಟ ಕಡೆಯ ನಮ್ಮಂಥ ಎರಡು-ಮೂರು ಎಕರೆ ಕೃಷಿಕರ ದಿನವನ್ನು ಗಡಿಯಾರವಿಲ್ಲದೆ ಟೀ ಲೆಕ್ಕದಲ್ಲೇ ಹೇಳಿಬಿಡಬಹುದು. ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ ಒಂದು. ಹೊಲದಲ್ಲಿ ಆಳುಗಳ ಜತೆ ಹನ್ನೊಂದು ಗಂಟೆಗೆ ಒಂದು. ಸಂಜೆ ನಾಲ್ಕಕ್ಕೆ, ಬಿಸಿಲು ಇಳಿಯುವಾಗ ಮತ್ತೊಂದು. ಯಶವಂತಪುರ ಯಾರ್ಡಿಗೆ ಮಾಲು ಹಾಕಿಕೊಂಡು ಹೋದ ದಿನ ಮಾತ್ರ ಲೆಕ್ಕವಿಲ್ಲ. ನಸುಕಿನಲ್ಲಿ ತಲುಪಿ, ಚೀಲದ ಮೇಲೆ ಕೂತು ಹರಾಜಿಗೆ ಕಾಯುವವನಿಗೆ ಬೇರೆ ಕೆಲಸ ಏನಿದೆ? ರೇಟು ಬಂದರೆ ಖುಷಿಗೊಂದು, ಬಾರದಿದ್ದರೆ ಬೇಜಾರಿಗೊಂದು.

ಬೇಸಾಯದ ಖರ್ಚು ಬರೆಯುವಾಗ ಬೀಜ, ಗೊಬ್ಬರ, ಆಳು, ಬಾಡಿಗೆ ಎಲ್ಲ ಬರೆಯುತ್ತೇವೆ. ಟೀ ಯಾರೂ ಬರೆಯೋದಿಲ್ಲ. ಆದರೆ ದಿನದಲ್ಲಿ ಕೃಷಿಕ ನೆಟ್ಟಗೆ ಕೂರುವುದು ಆ ಹತ್ತು ನಿಮಿಷ ಮಾತ್ರ. ಅದರ ಬಗ್ಗೆ ಒಂದಿಷ್ಟು ಯೋಚಿಸಿದರೆ ತಪ್ಪೇನಿಲ್ಲ.

ಬೆಲ್ಲದ ಕಾಪಿಯಿಂದ ಟೀಗೆ

ನಮ್ಮ ಅಜ್ಜಿ ಕಾಲದಲ್ಲಿ ಈ ಕಡೆ ಟೀ ಅಷ್ಟಾಗಿ ಇರಲಿಲ್ಲ. ಬೆಳಗ್ಗೆ ಅಂಬಲಿ, ಮಜ್ಜಿಗೆ. ನೆಂಟರು ಬಂದರೆ ಬೆಲ್ಲದ ಕಾಪಿ. ಈಗಲೂ ನಮ್ಮೂರ ಹಿರಿಯರು ಕೈಯಲ್ಲಿ ಟೀ ಲೋಟ ಹಿಡಿದುಕೊಂಡೇ ‘ಕಾಪಿ ಕುಡುದ್ಯೇನಪ್ಪಾ?’ ಅಂತ ಕೇಳುತ್ತಾರೆ.

ಟೀ ನಮ್ಮ ಹಳ್ಳಿಗಳಿಗೆ ತಾನಾಗಿ ನಡೆದುಕೊಂಡು ಬಂದದ್ದಲ್ಲ, ಕರೆದುಕೊಂಡು ಬಂದದ್ದು. ಅಸ್ಸಾಂ, ಡಾರ್ಜಿಲಿಂಗ್ ತೋಟಗಳ ಟೀ ಮೊದಲು ಹೋಗುತ್ತಿದ್ದುದು ಹೆಚ್ಚಾಗಿ ಇಂಗ್ಲೆಂಡಿಗೆ. 1903ರಲ್ಲಿ ತೋಟದವರೇ ಕೇಳಿಕೊಂಡು ರಫ್ತಾಗುವ ಟೀ ಮೇಲೆ ಒಂದು ಸೆಸ್ ಹಾಕಿಸಿಕೊಂಡರು. ಆ ದುಡ್ಡಿನಲ್ಲಿ ಪ್ರಚಾರ. 1930ರ ದಶಕದಲ್ಲಿ ಹೊರದೇಶದ ಬೆಲೆ ಬಿದ್ದಾಗ ಅವರ ಕಣ್ಣು ನಮ್ಮವರ ಮೇಲೆ ಗಟ್ಟಿಯಾಗಿ ಬಿತ್ತು. ರೈಲು ನಿಲ್ದಾಣ, ಕಾರ್ಖಾನೆ, ಸಂತೆ, ಕೊನೆಗೆ ಮನೆ ಬಾಗಿಲಿಗೂ ಹೋಗಿ ಟೀ ಕಾಸಿ ಕುಡಿಸಿ ರುಚಿ ಹತ್ತಿಸಿದರು. ಅದೇ ದಶಕದಲ್ಲಿ ಅಸ್ಸಾಮಿನಲ್ಲಿ ಸಿಟಿಸಿ ಯಂತ್ರ ಬಂತು. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಸಣ್ಣ ಕಾಳು ಮಾಡುವ ಯಂತ್ರ. ಈ ಕಾಳಿನ ಪುಡಿ ಸ್ವಲ್ಪ ಹಾಕಿದರೂ ಕಡುಬಣ್ಣ ಬಿಡುತ್ತದೆ, ಹಾಲು ಸಕ್ಕರೆಗೆ ತಡೆದುಕೊಳ್ಳುತ್ತದೆ. ಬಡವನ ಕೈಗೆ ಟೀ ಎಟುಕಿದ್ದು ಇದರಿಂದ.

ಬೆಳೆದವರೇ ವಂತಿಗೆ ಹಾಕಿಕೊಂಡು ತಮ್ಮ ಬೆಳೆಗೆ ಗಿರಾಕಿ ಹುಟ್ಟಿಸಿಕೊಂಡ ಕತೆ ಇದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತು. ಆ ವರ್ಷ ರಾಗಿ ಬೆಳೆಗಾರರಾದ ನಾವು ಜಾಹೀರಾತು ನೋಡಿದ್ದೇ ಬಂತು. ಇರಲಿ.

ಹಾಲು ನಮ್ಮದು, ಟೀ ಮಾತ್ರ ನೀರು

ಹಸು ಕಟ್ಟಿದ ಎಷ್ಟೋ ಮನೆಗಳಲ್ಲಿ ಒಂದು ವಿಚಿತ್ರ ನೋಡುತ್ತೇನೆ. ಕರೆದ ಹಾಲೆಲ್ಲ ಕ್ಯಾನಿಗೆ ಹೋಗುತ್ತದೆ. ಮನೆಯವರ ಟೀ ಪಾತ್ರೆಗೆ ತಳದಲ್ಲಿ ಉಳಿದ ಒಂದು ಲೋಟ, ಮೇಲೆ ನಾಲ್ಕು ಲೋಟ ನೀರು. ಮಧ್ಯಾಹ್ನ ನೆಂಟರು ಬಂದರೆ ಹುಡುಗನನ್ನು ಅಂಗಡಿಗೆ ಓಡಿಸಿ ನಂದಿನಿ ಪ್ಯಾಕೆಟ್ ತರಿಸುತ್ತಾರೆ. ಬೆಳಗ್ಗೆ ನಮ್ಮ ಕೊಟ್ಟಿಗೆಯಿಂದ ಹೋದ ಹಾಲು ದುಡ್ಡು ಜಾಸ್ತಿ ಮಾಡಿಕೊಂಡು ಸಂಜೆ ಮನೆಗೆ ವಾಪಸ್ಸು!

ಲೆಕ್ಕ ಹಾಕಿ ನೋಡೋಣ. ಮನೆಯಲ್ಲಿ ಐದು ಜನ, ದಿನಕ್ಕೆ ಎರಡೆರಡು ಲೋಟ, ಲೋಟಕ್ಕೆ 50 ಮಿ.ಲೀ. ಹಾಲು. ಒಟ್ಟು ಅರ್ಧ ಲೀಟರ್. ಡೇರಿಯಲ್ಲಿ ಲೀಟರಿಗೆ 36 ರೂಪಾಯಿ ಅಂತ ಹಿಡಿಯಿರಿ (ನಿಮ್ಮ ಫ್ಯಾಟು, ಡಿಗ್ರಿ ನೋಡಿ ಹೆಚ್ಚುಕಮ್ಮಿ). ದಿನಕ್ಕೆ 18 ರೂಪಾಯಿ, ವರ್ಷಕ್ಕೆ ಆರೂವರೆ ಸಾವಿರ. ಸಣ್ಣ ದುಡ್ಡಲ್ಲ, ಒಪ್ಪುತ್ತೇನೆ. ಆದರೆ ಆ ಅರ್ಧ ಲೀಟರಿನಲ್ಲೇ ಮಕ್ಕಳಿಗೆ, ಬಾಣಂತಿಗೆ, ವಯಸ್ಸಾದವರಿಗೆ ಸೇರಬೇಕಾದ ಹಾಲೂ ಇದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿಸಿದರು, ಅದು ಉತ್ಪಾದಕರಿಗೇ ಅಂದರು. ಏರಿದ್ದಕ್ಕೆ ಸಂತೋಷವೇ. ಏರಿದಷ್ಟೂ ಮನೆಯ ಟೀ ಇನ್ನಷ್ಟು ನೀರಾಗುವುದಾದರೆ ಹಸು ಕಟ್ಟಿ ಏನು ಬಂತು? ನನ್ನ ಅಭಿಪ್ರಾಯ ಇಷ್ಟು: ಮೊದಲು ಮನೆ ಪಾತ್ರೆ, ಆಮೇಲೆ ಕ್ಯಾನು.

ಪೇಟೆಯ ಟೀ ಅಂಗಡಿಗೂ ನಮಗೂ ಎಂಥ ನಂಟು ಅಂತ 2025ರ ಜುಲೈಯಲ್ಲಿ ಗೊತ್ತಾಯಿತು. ಜಿಎಸ್‌ಟಿ ನೋಟಿಸು ಬಂದದ್ದಕ್ಕೆ ಬೆಂಗಳೂರಿನ ಸಣ್ಣ ವ್ಯಾಪಾರಿಗಳು ಪ್ರತಿಭಟಿಸಿದರಲ್ಲ, ಆಗ ಎಷ್ಟೋ ಬೇಕರಿ, ಟೀ ಅಂಗಡಿಗಳಲ್ಲಿ ಹಾಲು ಬಂದ್. ಗಿರಾಕಿಗೆ ಬರೀ ಕಪ್ಪು ಟೀ. ಪೇಟೆಯವರು ಬೈಟು ಹೇಳಿ ಕುಡಿಯುವ ಪ್ರತಿ ಲೋಟದಲ್ಲೂ ಅರ್ಧ ನಮ್ಮ ಕೊಟ್ಟಿಗೆಯದೇ.

ಆಳುಗಳಿಗೆ ಕೊಡುವ ಟೀ

ಈಗ ನಮ್ಮ ಕಡೆ ಕಳೆ ತೆಗೆಯಲು, ಹೂ ಬಿಡಿಸಲು ಬರುವವರಲ್ಲಿ ರಾಯಚೂರು, ಯಾದಗಿರಿ ಕಡೆಯವರು ಬಹಳ. ಅವರಿಗೆ ಟೀ ಅಲ್ಲ, ‘ಚಾ’. ಲೋಟ ಸಣ್ಣದಾದರೂ ಸರಿ, ಸಕ್ಕರೆ ಮುಂದಾಗಿರಬೇಕು, ಕುದ್ದಿರಬೇಕು. ‘ಅಕ್ಕಾರ, ಇವತ್ತ ಚಾ ಚೊಲೋ ಆತು’ ಅಂದರೆ ಅವತ್ತು ಸಂಜೆ ಐದೂವರೆವರೆಗೆ ಕೆಲಸಕ್ಕೆ ಮೋಸವಿಲ್ಲ. ಅದೇ ಕೂಲಿ ಕೊಡುವ ಎರಡು ತೋಟಗಳಲ್ಲಿ ಯಾವುದಕ್ಕೆ ಜನ ಮೊದಲು ಬರುತ್ತಾರೆ ಅಂತ ಗಮನಿಸಿ. ಟೀ ಚೆನ್ನಾಗಿರುವ ಕಡೆಗೆ.

ಹತ್ತು ಜನಕ್ಕೆ ನಮ್ಮ ಮನೆಯ ಅಳತೆ ಹೀಗೆ: ಅರ್ಧ ಲೀಟರ್ ನೀರು, ಅರ್ಧ ಲೀಟರ್ ಹಾಲು, 20 ಗ್ರಾಂ ಟೀಪುಡಿ, 80 ಗ್ರಾಂ ಸಕ್ಕರೆ, ಹೆಬ್ಬೆರಳಷ್ಟು ಶುಂಠಿ. ಜಜ್ಜಿದ ಶುಂಠಿ, ಪುಡಿ ಮೊದಲು ನೀರಿನಲ್ಲೇ ಎರಡು-ಮೂರು ನಿಮಿಷ ಕುದಿಯಬೇಕು, ಆಮೇಲೆ ಹಾಲು. ಹಾಲಿನಲ್ಲಿರುವ ಪ್ರೋಟೀನು ಟೀಯ ಒಗರನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಹಾಲು ಬಿದ್ದ ಟೀ ನಾಲಗೆಗೆ ಮೆದು. ಅಂದಾಜು ಖರ್ಚು ಹಾಲಿಗೆ 18, ಪುಡಿಗೆ 8, ಸಕ್ಕರೆಗೆ 4, ಶುಂಠಿಗೆ 2. ಗ್ಯಾಸು ಬಿಟ್ಟು 32 ರೂಪಾಯಿ, ಲೋಟಕ್ಕೆ ಮೂರು ಕಾಲು. ಅಂಗಡಿಯಿಂದ ಫ್ಲಾಸ್ಕಿನಲ್ಲಿ ತರಿಸಿದರೆ ಲೋಟಕ್ಕೆ ಹತ್ತು ರೂಪಾಯಿಗೆ ಕಮ್ಮಿ ಇಲ್ಲ, ಅದೂ ಆರಿ ಬಂದಿರುತ್ತದೆ.

ಬೆಲ್ಲ ಹಾಕುವವರು ಒಲೆ ಆರಿಸಿ, ಪಾತ್ರೆ ಕೆಳಗಿಳಿಸಿದ ಮೇಲೆ ಹಾಕಿ. ಕುದಿಯುವಾಗ ಹಾಕಿದರೆ ಹಾಲು ಒಡೆಯುವ ಸಂಭವ ಹೆಚ್ಚು.

ಲೋಟದ ವಿಚಾರವನ್ನೂ ಹೇಳಬೇಕು, ಇಷ್ಟವಾಗದಿದ್ದರೂ. ಹಿಂದೆ ಹಳ್ಳಿಗಳಲ್ಲಿ ಕೆಲವು ಜಾತಿಯ ಕೂಲಿಯವರ ಲೋಟ ಬೇರೆ, ಅದು ಇರುವ ಜಾಗ ಕೊಟ್ಟಿಗೆಯ ಸೂರು. ಟೀ ಅಂಗಡಿಗಳಲ್ಲೂ ಎರಡು ಥರದ ಲೋಟ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿತು. ಅಂಗಡಿ-ಹೋಟೆಲಿನಲ್ಲಿ ಪಾತ್ರೆ ಲೋಟ ಬಳಸಲು ಬಿಡದಿರುವುದನ್ನು 1955ರ ಕಾಯಿದೆ ಶಿಕ್ಷಾರ್ಹ ಅಪರಾಧ ಮಾಡಿತು. ಆಮೇಲೆ ಪೇಪರ್ ಕಪ್ ಬಂತು ನೋಡಿ, ಕೆಲವರಿಗೆ ಭಾರೀ ಅನುಕೂಲ. ಯಾರ ಲೋಟ ಯಾರು ತೊಳೆಯಬೇಕು ಅನ್ನುವ ಪ್ರಶ್ನೆಯೇ ಎದ್ದು ಹೋಯಿತು. ಮನಸ್ಸು ಬದಲಾಗದೆ ಕಪ್ ಮಾತ್ರ ಬದಲಾದ ಮನೆಗಳು ನಮ್ಮ ಸುತ್ತಲೂ ಇವೆ, ಯಾರು ಅಂತ ಊರಿಗೆಲ್ಲ ಗೊತ್ತು.

ಆ ಕಪ್ಪಾದರೂ ಒಳ್ಳೆಯದೇ? ಕಾಗದದ ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. 100 ಮಿ.ಲೀ. ಬಿಸಿ ದ್ರವ ಅದರಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡುತ್ತದೆ ಎಂದು ಖರಗ್‌ಪುರದ ಐಐಟಿಯವರು 2020ರಲ್ಲಿ ಪ್ರಕಟಿಸಿದ್ದಾರೆ. ಬದುವಿನಲ್ಲಿ ಎಸೆದ ಕಪ್ಪುಗಳು ಹೊಲಕ್ಕೆ ಬರುತ್ತವೆ, ಸಕ್ಕರೆ ವಾಸನೆಗೆ ಹಸು ಮೂಸುತ್ತದೆ. ಒಂದು ಡಜನ್ ಸ್ಟೀಲ್ ಲೋಟ, ಒಂದು ಬಕೆಟ್ ನೀರು ಹೊಲದಲ್ಲಿಟ್ಟರೆ ಮುಗಿಯಿತು. ಯಜಮಾನನೂ ಅದೇ ಲೋಟದಲ್ಲಿ, ಅದೇ ನೆರಳಿನಲ್ಲಿ ಕುಡಿಯಲಿ.

ಮುದ್ದೆ ಮೇಲೆ ಟೀ ಬೇಡ

ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಒಂದು ಮಾತು ಮರೆಯಬಾರದು. ಮುದ್ದೆ, ಸೊಪ್ಪಿನ ಸಾರು ಉಂಡು ಕೈ ತೊಳೆದ ಕೂಡಲೇ ಟೀ ಕುಡಿಯುವ ಚಾಳಿ ಬಹಳ ಜನಕ್ಕೆ ಇದೆ. ರಾಗಿ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ಟೀಯ ಒಗರು ಕಟ್ಟಿಹಾಕುತ್ತದೆ, ಮೈಗೆ ಹತ್ತುವುದು ಕಮ್ಮಿಯಾಗುತ್ತದೆ. ಮೊದಲೇ ರಕ್ತ ಕಡಿಮೆ ಇರುವ ಹೆಂಗಸರಿಗೆ, ಬಸುರಿಯರಿಗೆ ಇದು ನಷ್ಟ. ಊಟಕ್ಕೆ ಒಂದು ಗಂಟೆ ಹಿಂದೆ, ಒಂದು ಗಂಟೆ ಮುಂದೆ ಟೀ-ಕಾಫಿ ಬೇಡ ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ 2024ರ ಆಹಾರ ಮಾರ್ಗಸೂಚಿ. ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು, 150 ಮಿ.ಲೀ. ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ ಎಂಬ ಲೆಕ್ಕವನ್ನೂ ಕೊಟ್ಟಿದ್ದಾರೆ. ಅಂದರೆ ಟೀ ಬಿಡಬೇಕಿಲ್ಲ, ಹೊತ್ತು ಬದಲಾಯಿಸಿದರೆ ಸಾಕು. ನಮ್ಮ ಹನ್ನೊಂದು ಗಂಟೆ, ನಾಲ್ಕು ಗಂಟೆ ಟೀಗೆ ಇದರಿಂದ ತೊಂದರೆಯೇ ಇಲ್ಲ. ತೊಂದರೆ ಇರುವುದು ಹಸಿವು ಮುಚ್ಚಲು ಕುಡಿಯುವ ಟೀಯಿಂದ. ಯಾರ್ಡಿನಲ್ಲಿ ಊಟ ತಪ್ಪಿಸಿ ನಾಲ್ಕು ಟೀ, ಎರಡು ಬೀಡಿಯಲ್ಲಿ ದಿನ ದೂಡುವವರು ಈ ಮಾತು ಕೇಳಬೇಕು.

ಪುಡಿ ಕೊಳ್ಳುವಾಗ ಬಣ್ಣ ನೋಡಿ ಮೋಸ ಹೋಗಬೇಡಿ. ಬಿಳಿ ಸೋಸುವ ಕಾಗದದ ಮೇಲೆ ಚಿಟಿಕೆ ಪುಡಿ ಹರವಿ, ನೀರು ಚಿಮುಕಿಸಿ, ಪುಡಿ ತೆಗೆದು ಕಾಗದವನ್ನು ನಲ್ಲಿ ನೀರಿನಲ್ಲಿ ತೊಳೆಯಿರಿ. ಬಣ್ಣ ಬೆರೆಸಿದ್ದರೆ ಕಾಗದದ ಮೇಲೆ ಕಲೆ ಎದ್ದು ನಿಲ್ಲುತ್ತದೆ.

ಟೀ ಅಂಗಡಿಯಲ್ಲಿ ಕೂತ ಜಮೀನು

2008ರ ಮೇಯಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯಿತು. ಅದೇ ವರ್ಷ ಯಲಹಂಕ ಸುತ್ತಿನ 17 ಹಳ್ಳಿಗಳ 3,546 ಎಕರೆಗೆ ಶಿವರಾಮ ಕಾರಂತ ಬಡಾವಣೆಯ ಪ್ರಾಥಮಿಕ ಅಧಿಸೂಚನೆ ಹೊರಟಿತು. ಆ ಕಾಲದಿಂದ ನಮ್ಮ ರಸ್ತೆಬದಿ ಟೀ ಅಂಗಡಿಗಳ ಮಾತೇ ಬೇರೆ. ಮೊದಲು ಮಳೆ, ದ್ರಾಕ್ಷಿ ರೋಗ, ಹೆಬ್ಬಾಳದಲ್ಲಿ ಗುಲಾಬಿಗೆ ಎಷ್ಟು ಅಂತ ಮಾತು. ಈಗ ಬೆಳಗ್ಗೆ ಏಳಕ್ಕೇ ‘ಸರ್ವೆ ನಂಬರ್ ಎಷ್ಟಣ್ಣ?’

ಬ್ರೋಕರಿಗೆ ಬೈಟು ಬಹಳ ಅಗ್ಗದ ಬಂಡವಾಳ. ಒಂದು ಟೀ ಎರಡು ಲೋಟಕ್ಕೆ ಹಂಚಿಕೊಂಡರೆ ಸ್ನೇಹವೂ ಅರ್ಧ ಆದಂತೆಯೇ. ಅಡ್ವಾನ್ಸು, ಅಗ್ರಿಮೆಂಟು ಅನ್ನುವಷ್ಟರಲ್ಲಿ ಎರಡನೇ ಲೋಟ ಬಂದಿರುತ್ತದೆ. ಮನೆಯಲ್ಲಿ ಹೆಂಡತಿಗೆ, ಅಣ್ಣತಮ್ಮಂದಿರಿಗೆ ಗೊತ್ತಾಗುವುದು ಆಮೇಲೆ. ನಮ್ಮೂರ ಹಿರಿಯರೊಬ್ಬರು ಮೊಮ್ಮಕ್ಕಳಿಗೆ ಹೇಳುತ್ತಿದ್ದರು, ‘ಟೀ ಯಾರು ಕೊಡ್ಸಿದ್ರೂ ಕುಡಿ. ಹೆಬ್ಬೆಟ್ಟು ಮಾತ್ರ ಮನೇಲಿ ಬಿಟ್ಟು ಹೋಗು.’ ಅವರ ಒಂದೂವರೆ ಎಕರೆ ಇನ್ನೂ ಅವರ ಮನೆಯವರ ಕೈಯಲ್ಲೇ ಇದೆ. ಸುತ್ತ ಮೂರು ಕಡೆ ಲೇಔಟು, ನಡುವೆ ಇವರ ದಂಟಿನ ಸೊಪ್ಪು.

ಕೊನೆಯದಾಗಿ ಚರಟದ ವಿಷಯ. ಸಕ್ಕರೆ-ಹಾಲಿನ ಅಂಶ ಉಳಿದರೆ ಇರುವೆ ಮುತ್ತುತ್ತದೆ, ಆದ್ದರಿಂದ ಒಮ್ಮೆ ನೀರಿನಲ್ಲಿ ಗಾಲಿಸಿ, ಗೊಬ್ಬರದ ಗುಂಡಿಗೆ ಹಾಕಿ. ಸಾರಜನಕ ಇರುವ ವಸ್ತು, ಬೇಗ ಕೊಳೆಯುತ್ತದೆ. ನಮ್ಮನೆಯಲ್ಲಿ ಅದನ್ನು ಒಣಗಿಸಿ ಮಣ್ಣಿಗೆ ಬೆರೆಸಿ ಗುಲಾಬಿ, ಕರಿಬೇವಿನ ಬುಡಕ್ಕೆ ತೆಳ್ಳಗೆ ಕೊಡುತ್ತಾರೆ. ದಪ್ಪಗೆ ಸುರಿದರೆ ಬೂಸ್ಟು ಹಿಡಿಯುತ್ತದೆ. ಟೀ ಬ್ಯಾಗ್ ಬಳಸುವ ಪೇಟೆ ನೆಂಟರಿದ್ದರೆ ಚೀಲ ಹರಿದು ಪುಡಿ ಮಾತ್ರ ಹಾಕಿ. ಕೆಲವು ಚೀಲಗಳಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ, ಅದು ಮಣ್ಣಿನಲ್ಲಿ ಕರಗುವುದಿಲ್ಲ.