ಒಂದು ಅಗುಳು ಹಿಸುಕಿದರೆ ಸಾಕೆ?

ಅನ್ನ ಬೆಂದಿದೆಯೇ ಎಂದು ನೋಡಲು ನಮ್ಮ ಮನೆಗಳಲ್ಲಿ ಯಾರೂ ಇಡೀ ಪಾತ್ರೆ ಬಗ್ಗಿಸುವುದಿಲ್ಲ. ಸೌಟಿನ ತುದಿಯಲ್ಲಿ ಒಂದು ಅಗುಳು ತೆಗೆದು ಬೆರಳ ನಡುವೆ ಹಿಸುಕುತ್ತಾರೆ. ಒಲೆ ಆರಿಸಬೇಕೋ ಇನ್ನೆರಡು ನಿಮಿಷ ಬಿಡಬೇಕೋ ಎಂಬುದು ಅಲ್ಲಿಗೇ ಇತ್ಯರ್ಥ. ಈ ಪರೀಕ್ಷೆ ತಪ್ಪುವುದು ಅಪರೂಪ. ಫುಟ್‌ಬಾಲ್ ಅಭಿಮಾನಿ ಮಾಡುವುದೂ ಇದನ್ನೇ. ಲೀಗ್ ಶುರುವಾಗಿ ಎರಡು ಮೂರು ವಾರ ಕಳೆದಿರುತ್ತದೆ, ಹಳೆಯ ಎದುರಾಳಿಯ ಜೊತೆ ಒಂದು ಪಂದ್ಯ ಮುಗಿದಿರುತ್ತದೆ, ಅಷ್ಟರಲ್ಲೇ ಮುಂದಿನ ಮೇ ತಿಂಗಳವರೆಗಿನ ಜಾತಕ ಬರೆದಾಗಿರುತ್ತದೆ.

2011ರ ಆಗಸ್ಟ್ 28, ಭಾನುವಾರ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಆರ್ಸೆನಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್ ಮೈದಾನಕ್ಕೆ ಹೋಗಿತ್ತು. ಒಂದೂವರೆ ದಶಕ ಪ್ರಶಸ್ತಿಗಾಗಿ ಪರಸ್ಪರ ಕಾದಾಡಿದ್ದ ಎರಡು ತಂಡಗಳು. ಫಲಿತಾಂಶ 8-2. ವೇಯ್ನ್ ರೂನಿ ಒಬ್ಬನೇ ಮೂರು ಗೋಲು ಹೊಡೆದ. ಆರ್ಸೆನಲ್ ಒಂದೇ ಪಂದ್ಯದಲ್ಲಿ ಎಂಟು ಗೋಲು ಬಿಟ್ಟುಕೊಟ್ಟದ್ದು 1896ರ ನಂತರ ಅದೇ ಮೊದಲು. ಅದೇ ದಿನ ಉತ್ತರ ಲಂಡನ್ನಿನ ಇನ್ನೊಂದು ತಂಡ, ಆರ್ಸೆನಲ್‌ನ ಬದ್ಧ ವೈರಿ ಟಾಟನ್‌ಹ್ಯಾಮ್, ತನ್ನ ಅಂಗಳದಲ್ಲೇ ಮ್ಯಾಂಚೆಸ್ಟರ್ ಸಿಟಿಗೆ 1-5ರಿಂದ ಸೋತಿತು. ಅಲ್ಲಿ ಎಡಿನ್ ಜೆಕೊ ನಾಲ್ಕು ಗೋಲು ಹೊಡೆದಿದ್ದ. ಒಂದೇ ಮಧ್ಯಾಹ್ನ, ಒಂದೇ ಊರಿನ ಎರಡು ತಂಡಗಳ ಮೇಲೆ ಹದಿಮೂರು ಗೋಲು.

ಆ ರಾತ್ರಿ ಎರಡೂ ಪಾಳೆಯಗಳಲ್ಲಿ ನಡೆದ ಚರ್ಚೆಯನ್ನು ಊಹಿಸುವುದು ಕಷ್ಟವಲ್ಲ. ಆರ್ಸೆನಲ್ ಆ ತಿಂಗಳಲ್ಲೇ ಫ್ಯಾಬ್ರೆಗಾಸ್‌ನನ್ನು ಬಾರ್ಸಿಲೋನಾಗೆ, ನಸ್ರಿಯನ್ನು ಸಿಟಿಗೆ ಮಾರಿತ್ತು. ಮೂರು ಪಂದ್ಯಗಳಲ್ಲಿ ಗಳಿಕೆ ಒಂದೇ ಪಾಯಿಂಟ್. ಹೊಡೆದ ಗೋಲು ಎರಡು, ತಿಂದದ್ದು ಹತ್ತು. ಪಟ್ಟಿಯಲ್ಲಿ ಹದಿನೇಳನೇ ಸ್ಥಾನ. ಮ್ಯಾನೇಜರ್ ಆರ್ಸೆನ್ ವೆಂಗರ್ ಕಾಲ ಮುಗಿಯಿತು ಎಂದವರಿದ್ದರು, ತಂಡ ಕೆಳ ದರ್ಜೆಗೆ ಇಳಿಯಬಹುದು ಎಂದು ಹೆದರಿದವರೂ ಇದ್ದರು. ಟಾಟನ್‌ಹ್ಯಾಮ್ ಎರಡು ಪಂದ್ಯ ಆಡಿತ್ತು, ಪಾಯಿಂಟ್ ಸೊನ್ನೆ.

ಮೇ ತಿಂಗಳಲ್ಲಿ ಪಟ್ಟಿ ಹೀಗಿತ್ತು: ಆರ್ಸೆನಲ್ 70 ಪಾಯಿಂಟ್‌ಗಳೊಂದಿಗೆ ಮೂರನೆಯದು, ಟಾಟನ್‌ಹ್ಯಾಮ್ 69ರೊಂದಿಗೆ ನಾಲ್ಕನೆಯದು. ಮೊದಲ ಮೂರು ಪಂದ್ಯ ಕಳೆದು ಉಳಿದ 35ರಲ್ಲಿ ಆರ್ಸೆನಲ್ 69 ಪಾಯಿಂಟ್ ಗಳಿಸಿತ್ತು. ಪಂದ್ಯಕ್ಕೆ ಹೆಚ್ಚುಕಡಿಮೆ ಎರಡು. ಆ ಭಾನುವಾರ ಹಿಸುಕಿ ನೋಡಿದ ಅಗುಳು ಪಾತ್ರೆಯೊಳಗಿನ ಅನ್ನದ ಸುದ್ದಿಯನ್ನು ಸರಿಯಾಗಿ ಹೇಳಿರಲಿಲ್ಲ.

ಅಡುಗೆಮನೆಯಲ್ಲಿ ಒಂದು ಅಗುಳು ಸಾಕಾಗುವುದಕ್ಕೆ ಕಾರಣವಿದೆ. ಕುದಿಯುವ ನೀರು ಅಕ್ಕಿಯನ್ನು ತಾನೇ ತಿರುವಿ ಹಾಕುತ್ತಿರುತ್ತದೆ, ಎಲ್ಲ ಕಾಳಿಗೂ ಒಂದೇ ಶಾಖ, ಒಂದೇ ಹೊತ್ತು. ಆದ್ದರಿಂದ ಅಗುಳು ಅಗುಳಿಗೂ ವ್ಯತ್ಯಾಸ ತೀರಾ ಕಡಿಮೆ. ಫುಟ್‌ಬಾಲ್ ಪಂದ್ಯಗಳು ಹಾಗಲ್ಲ. ಒಂದೇ ತಂಡದ ಎರಡು ಪಂದ್ಯಗಳ ನಡುವೆ ಅಪಾರ ಅಂತರವಿರುತ್ತದೆ. ಅದರ ಬೇರು ಈ ಆಟದ ಒಂದು ವಿಚಿತ್ರ ಗುಣದಲ್ಲಿದೆ: ಇಲ್ಲಿ ಗೋಲು ಬಹಳ ಅಪರೂಪದ ಘಟನೆ.

ಅಪರೂಪದ ಘಟನೆಗಳ ಗಣಿತ ಹಳೆಯದು. ಫ್ರಾನ್ಸಿನ ಸಿಮಿಯೋನ್ ಪ್ವಾಸೋನ್ 1837ರಲ್ಲಿ ಅದರ ಸೂತ್ರ ಕೊಟ್ಟ. 1898ರಲ್ಲಿ ಬೋರ್ಟ್‌ಕೀವಿಚ್ ಎಂಬ ಸಂಖ್ಯಾಶಾಸ್ತ್ರಜ್ಞ ಅದನ್ನು ಪ್ರಷ್ಯಾ ಸೈನ್ಯದಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕಕ್ಕೆ ಹಚ್ಚಿ ನೋಡಿದ. ಹತ್ತು ದಳಗಳ ಇಪ್ಪತ್ತು ವರ್ಷಗಳ ಲೆಕ್ಕ, ಒಟ್ಟು 200 ದಾಖಲೆ, 122 ಸಾವು. 109 ದಾಖಲೆಗಳಲ್ಲಿ ಒಂದೂ ಸಾವಿಲ್ಲ, 65ರಲ್ಲಿ ಒಂದು, 22ರಲ್ಲಿ ಎರಡು, 3ರಲ್ಲಿ ಮೂರು, ಒಂದೇ ಒಂದರಲ್ಲಿ ನಾಲ್ಕು. ಪ್ವಾಸೋನ್ ಸೂತ್ರ ಹೇಳುವ ಸಂಖ್ಯೆಗಳಿಗೆ ಇವು ಅಚ್ಚರಿಯಾಗುವಷ್ಟು ಹತ್ತಿರ. ನಾಲ್ಕು ಜನ ಸತ್ತ ಆ ವರ್ಷ ಆ ದಳದ ಲಾಯದಲ್ಲಿ ಏನೋ ಎಡವಟ್ಟಾಗಿದೆ ಎಂದು ವಿಚಾರಣೆ ನಡೆಸಲು ಯಾರಿಗಾದರೂ ಮನಸ್ಸಾದೀತು. ಆದರೆ ಎಲ್ಲ ದಳಗಳಲ್ಲೂ ಕುದುರೆಗಳು ಒಂದೇ ಥರ ಇದ್ದರೂ ಇನ್ನೂರರಲ್ಲಿ ಒಂದು ಕಡೆ ಇಂಥ ಕೆಟ್ಟ ವರ್ಷ ಬಂದರೆ ಅಚ್ಚರಿಯಿಲ್ಲ.

ಗೋಲುಗಳೂ ಬಹುಮಟ್ಟಿಗೆ ಇದೇ ಲಯದಲ್ಲಿ ಬೀಳುತ್ತವೆ. 1982ರಲ್ಲಿ ಎಂ.ಜೆ. ಮಾಹರ್ ಪ್ರತಿ ತಂಡಕ್ಕೂ ದಾಳಿಯ ಬಲ, ರಕ್ಷಣೆಯ ಬಲ ಎಂದು ಎರಡು ಅಂಕಿ ಕೊಟ್ಟು, ಪ್ವಾಸೋನ್ ಸೂತ್ರದಿಂದ ಇಂಗ್ಲಿಷ್ ಲೀಗ್‌ನ ಫಲಿತಾಂಶಗಳನ್ನು ಚೆನ್ನಾಗಿಯೇ ವಿವರಿಸಬಹುದೆಂದು ತೋರಿಸಿದರು. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಪಂದ್ಯಕ್ಕೆ ಸರಾಸರಿ 1.8 ಗೋಲು ಹೊಡೆಯಬಲ್ಲ ತಂಡ, 1 ಗೋಲು ಹೊಡೆಯಬಲ್ಲ ತಂಡದ ಎದುರು ಆಡುತ್ತಿದೆ ಎನ್ನಿ. ಯಾರು ಬಲಶಾಲಿ ಎಂಬುದರಲ್ಲಿ ಅನುಮಾನವೇ ಇಲ್ಲ. ಆದರೆ ಸೂತ್ರದ ಪ್ರಕಾರ ಅದು ಗೆಲ್ಲುವುದು ನೂರರಲ್ಲಿ 56 ಸಲ ಮಾತ್ರ. 23 ಸಲ ಡ್ರಾ, 21 ಸಲ ಸೋಲು. ಯಾವ ಆಟಗಾರನೂ ಸೋಮಾರಿಯಾಗದೆ, ಯಾವ ಕೋಚೂ ಎಡವದೆ, ಬಲಶಾಲಿ ತಂಡ ಐದರಲ್ಲಿ ಒಂದು ಪಂದ್ಯ ಸೋಲುತ್ತದೆ. ಆ ಒಂದು ಸೋಲು ಹಳೆಯ ವೈರಿಯ ಎದುರೇ, ಹಂಗಾಮಿನ ಮೂರನೇ ವಾರದಲ್ಲೇ ಬಂದರೆ ಊರೆಲ್ಲ ಕಾರಣ ಹುಡುಕಲು ಹೊರಡುತ್ತದೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಸುಲಭಕ್ಕೆ ಒಗ್ಗುವುದಿಲ್ಲ. ಇಪ್ಪತ್ತು ಓವರಿನ ಪಂದ್ಯದಲ್ಲೂ ಎರಡೂ ಕಡೆ ಸೇರಿ 240 ಎಸೆತ, ಒಂದೊಂದೂ ಒಂದು ಸಣ್ಣ ಪರೀಕ್ಷೆ. ಅದೃಷ್ಟದ ಏರಿಳಿತ ಅಷ್ಟರ ಮಟ್ಟಿಗೆ ಸವೆಯುತ್ತದೆ. ಹಾಗಿದ್ದೂ 2024ರ ಐಪಿಎಲ್‌ನಲ್ಲಿ ನಮ್ಮ ಬೆಂಗಳೂರು ತಂಡ ಚೆನ್ನೈ ಎದುರು ಮೊದಲ ಪಂದ್ಯ ಸೋತು, ಎಂಟು ಪಂದ್ಯಗಳಲ್ಲಿ ಏಳನ್ನು ಕಳೆದುಕೊಂಡು, ‘ಈ ಸಲವೂ ಅಷ್ಟೇ’ ಎಂದು ಎಲ್ಲರೂ ಕೈತೊಳೆದುಕೊಂಡ ಮೇಲೆ, ಸತತ ಆರು ಗೆದ್ದು, ಕೊನೆಗೆ ಅದೇ ಚೆನ್ನೈಯನ್ನು ಹಿಂದಿಕ್ಕಿ ಪ್ಲೇಆಫ್ ಸೇರಿತು. ಎಸೆತಗಳಿಂದ ತುಂಬಿದ ಆಟದಲ್ಲೇ ಹೀಗಾದರೆ, ಎರಡು ಮೂರು ಗೋಲುಗಳ ಆಟದಲ್ಲಿ ಆಗಸ್ಟ್ ತಿಂಗಳ ತೀರ್ಪಿಗೆ ಎಷ್ಟು ಬೆಲೆ?

ಮನೋವಿಜ್ಞಾನಿಗಳಾದ ಏಮೋಸ್ ಟ್ವೆರ್ಸ್ಕಿ ಮತ್ತು ಡ್ಯಾನಿಯಲ್ ಕಾನೆಮನ್ 1971ರಲ್ಲಿ ಈ ದೌರ್ಬಲ್ಯಕ್ಕೆ ಹೆಸರಿಟ್ಟರು: ಸಣ್ಣ ಸಂಖ್ಯೆಗಳ ನಿಯಮದಲ್ಲಿ ನಂಬಿಕೆ. ದೊಡ್ಡ ಸಂಖ್ಯೆಗಳ ನಿಯಮ ಗಣಿತದಲ್ಲಿ ನಿಜವಾಗಿಯೂ ಇದೆ. ನಾಣ್ಯವನ್ನು ಸಾವಿರಾರು ಸಲ ಚಿಮ್ಮಿದರೆ ಅರ್ಧದಷ್ಟು ತಲೆ ಬೀಳುತ್ತದೆ. ಮನಸ್ಸು ಅದನ್ನು ಹತ್ತು ಸಲದ ಚಿಮ್ಮುವಿಕೆಗೂ ಅನ್ವಯಿಸಿಬಿಡುತ್ತದೆ. ಅವರು ಪ್ರಶ್ನೆ ಕೇಳಿದ್ದು ಬೀದಿಯ ಜನರನ್ನಲ್ಲ, ಸಂಶೋಧನೆಯೇ ಕಸುಬಾದ ಮನೋವಿಜ್ಞಾನಿಗಳನ್ನು. ಅವರೂ ಇದೇ ಹಳ್ಳಕ್ಕೆ ಬಿದ್ದರು. ಹಾಗಾಗಿ ಅಭಿಮಾನಿಯನ್ನು ದಡ್ಡನೆನ್ನಲು ನನಗೆ ಮನಸ್ಸಿಲ್ಲ.

ಮೂರು ಪಂದ್ಯ ಇರಲಿ, ಇಡೀ 38 ಪಂದ್ಯಗಳೂ ಸಾಲದು ಎಂಬುದು ಇನ್ನೂ ಕಹಿ ಸತ್ಯ. ನೂರಕ್ಕೆ 40 ಪಂದ್ಯ ಗೆದ್ದು 27 ಡ್ರಾ ಮಾಡಿಕೊಳ್ಳುವ ಸಾಧಾರಣ ತಂಡವೊಂದನ್ನು ತೆಗೆದುಕೊಳ್ಳಿ. ಅದೇ ಆಟಗಾರರಿಂದ ಅದೇ ಹಂಗಾಮನ್ನು ಮತ್ತೆ ಮತ್ತೆ ಆಡಿಸಿದರೆ, ಕೇವಲ ಆಕಸ್ಮಿಕದಿಂದ ಅದರ ಒಟ್ಟು ಪಾಯಿಂಟ್ ಮಾಮೂಲಾಗಿ ಎಂಟರಷ್ಟು ಮೇಲೆ ಕೆಳಗೆ ಓಲಾಡುತ್ತದೆ. ಆರ್ಸೆನಲ್‌ಗೂ ಟಾಟನ್‌ಹ್ಯಾಮ್‌ಗೂ ಇದ್ದ ಅಂತರ ಒಂದು ಪಾಯಿಂಟ್. ಆ ವರ್ಷ ಪ್ರಶಸ್ತಿಯೇ ಗೋಲು ವ್ಯತ್ಯಾಸದಿಂದ ತೀರ್ಮಾನವಾಯಿತು: ಸಿಟಿ, ಯುನೈಟೆಡ್ ಎರಡಕ್ಕೂ 89 ಪಾಯಿಂಟ್. ಆಗಸ್ಟ್‌ನಲ್ಲಿ ಮೂರು ಪಂದ್ಯಗಳಲ್ಲಿ 13 ಗೋಲು ಹೊಡೆದು ಮೆರೆದಿದ್ದ ಯುನೈಟೆಡ್, ಅಕ್ಟೋಬರ್ 23ರಂದು ತನ್ನದೇ ಮೈದಾನದಲ್ಲಿ ಊರಿನ ವೈರಿ ಸಿಟಿಯಿಂದ 1-6ರ ಪೆಟ್ಟು ತಿಂದಿತ್ತು.

ಇನ್ನು ‘ಮ್ಯಾನೇಜರನ್ನು ಕಿತ್ತುಹಾಕಿ’ ಎಂಬ ಕೂಗು. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಅಪ್ಪ ಅಮ್ಮ ಮತ್ತು ಮಕ್ಕಳ ಎತ್ತರ ಅಳೆದು ಒಂದು ಸಂಗತಿ ಗುರುತಿಸಿದ್ದ. ತುಂಬಾ ಎತ್ತರದವರ ಮಕ್ಕಳೂ ಎತ್ತರವೇ, ಆದರೆ ಅಷ್ಟು ಎತ್ತರವಲ್ಲ. ವಿಪರೀತದ ನಂತರ ಬರುವುದು ಸಾಮಾನ್ಯವಾಗಿ ಸರಾಸರಿಗೆ ಹತ್ತಿರವಾಗಿರುತ್ತದೆ. ವಿಪರೀತ ಕೆಟ್ಟ ತಿಂಗಳಲ್ಲಿ ನಿಜವಾದ ದೌರ್ಬಲ್ಯದ ಜೊತೆ ಕೆಟ್ಟ ಅದೃಷ್ಟವೂ ಸೇರಿರುತ್ತದೆ. ಅದೃಷ್ಟ ಮುಂದಿನ ತಿಂಗಳಿಗೆ ಅದೇ ರೂಪದಲ್ಲಿ ಜೊತೆಗೆ ಬರುವುದಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಬದಲಾಗಿದ್ದರೆ ಚೇತರಿಕೆಯ ಕೀರ್ತಿಯೆಲ್ಲ ಹೊಸಬನಿಗೆ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ನೆದರ್ಲೆಂಡ್ಸ್ ಲೀಗ್‌ನ 1986ರಿಂದ 2004ರವರೆಗಿನ ದಾಖಲೆಗಳನ್ನು ಕೆದಕಿದರು. ಮ್ಯಾನೇಜರನ್ನು ಹೊರಹಾಕಿದ ತಂಡಗಳು ನಂತರ ಚೇತರಿಸಿಕೊಂಡಿದ್ದವು, ನಿಜ. ಆದರೆ ಅಷ್ಟೇ ಕೆಟ್ಟ ಸರಣಿ ಕಂಡೂ ಮ್ಯಾನೇಜರನ್ನು ಉಳಿಸಿಕೊಂಡ ತಂಡಗಳೂ ಅಷ್ಟೇ ಚೇತರಿಸಿಕೊಂಡಿದ್ದವು.

ಸೋತದ್ದು ವೈರಿಯ ಎದುರಾದರೆ ಕಣ್ಣಿಗೂ ನಿಷ್ಠೆ ಅಂಟಿಕೊಳ್ಳುತ್ತದೆ. 1951ರಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದು ತೀರಾ ಒರಟಾಗಿ ನಡೆಯಿತು. ಹ್ಯಾಸ್ಟೋರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಸಂಶೋಧಕರು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ಅದರ ಒಂದೇ ಚಿತ್ರಸುರುಳಿ ತೋರಿಸಿ ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ಆಟಗಾರರು ಮಾಡಿದ ತಪ್ಪುಗಳಲ್ಲಿ ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಕಂಡದ್ದಕ್ಕಿಂತ ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಕಂಡದ್ದು ಎರಡು ಪಟ್ಟಿಗೂ ಹೆಚ್ಚು. ಎರಡೂ ಕಡೆಯವರು ಬೇಕೆಂದೇ ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಕಂಡದ್ದೇ ಬೇರೆ ಪಂದ್ಯ ಎಂಬುದು ಸಂಶೋಧಕರ ಅಭಿಪ್ರಾಯ. ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಇನ್ನೊಂದನ್ನು ಗಮನಿಸಿದರು. ತಂಡ ಗೆದ್ದ ಮರು ಸೋಮವಾರ ತರಗತಿಗೆ ಕಾಲೇಜಿನ ಹೆಸರಿನ ಬಟ್ಟೆ ತೊಟ್ಟು ಬರುವವರು ಹೆಚ್ಚು. ಮಾತೂ ಬದಲಾಗುತ್ತದೆ: ಗೆದ್ದಾಗ ‘ನಾವು ಗೆದ್ವಿ’, ಸೋತಾಗ ‘ಅವರು ಸೋತ್ರು’. ನಮ್ಮಲ್ಲೂ ಚಹಾ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಇದು ಕಿವಿಗೆ ಬೀಳುತ್ತದೆ.

ಒಂದೇ ತಂಡದವರು ಸುತ್ತ ಕೂತು ಚರ್ಚಿಸಿದರೆ ಅಭಿಪ್ರಾಯ ಹದಕ್ಕೆ ಬಂದೀತು ಎಂದುಕೊಳ್ಳುತ್ತೇವೆ. ಫ್ರಾನ್ಸಿನಲ್ಲಿ ಮೊಸ್ಕೋವಿಚಿ ಮತ್ತು ಜವಲೋನಿ 1969ರಲ್ಲಿ ಪ್ರಕಟಿಸಿದ ಪ್ರಯೋಗ ಉಲ್ಟಾ ಹೇಳುತ್ತದೆ. ಮೊದಲೇ ಒಂದು ಕಡೆ ವಾಲಿದ ಗುಂಪು ಚರ್ಚೆಯ ನಂತರ ಅದೇ ಕಡೆಗೆ ಇನ್ನಷ್ಟು ವಾಲುತ್ತದೆ. ಸೋಲಿನಿಂದ ಕುಗ್ಗಿದ ಹತ್ತು ಜನ ಒಟ್ಟಿಗೆ ಕೂತರೆ ಹತ್ತೂ ಜನ ಮನೆಗೆ ಹೋಗುವಾಗ ಬಂದದ್ದಕ್ಕಿಂತ ಹೆಚ್ಚು ಕುಗ್ಗಿರುತ್ತಾರೆ.

ಹಾಗಾದರೆ ಆ ರಾತ್ರಿ ಏನನ್ನು ನೋಡಬೇಕಿತ್ತು? ಗೋಲುಗಳಿಗಿಂತ ಗೋಲಿನ ಅವಕಾಶಗಳನ್ನು. ಇಂದಿನ ವಿಶ್ಲೇಷಕರು ಪ್ರತಿ ಹೊಡೆತಕ್ಕೂ ಅದು ಗೋಲಾಗುವ ಸಾಧ್ಯತೆಯ ಅಂಕಿ ಕೊಡುತ್ತಾರೆ: ದೂರ, ಕೋನ, ಕಾಲಿನಿಂದಲೋ ತಲೆಯಿಂದಲೋ ಎಂಬುದೆಲ್ಲ ಲೆಕ್ಕ. ಪೆನಾಲ್ಟಿಯಾದರೆ ನೂರಕ್ಕೆ ಎಪ್ಪತ್ತೈದರ ಮೇಲೆ. ದೂರದಿಂದ ಬೀಸಿದ್ದಾದರೆ ಎರಡೋ ಮೂರೋ. ಗೋಲು ಎರಡು ಮೂರಾದರೆ ಹೊಡೆತಗಳು ಇಪ್ಪತ್ತೈದು. ಅಗುಳುಗಳ ಸಂಖ್ಯೆ ಹೆಚ್ಚಿತು, ಅಂದಾಜೂ ಗಟ್ಟಿಯಾಯಿತು. ಓಲ್ಡ್ ಟ್ರಾಫರ್ಡ್‌ನಲ್ಲಿ 1-0 ಇದ್ದಾಗ ಆರ್ಸೆನಲ್‌ಗೆ ಪೆನಾಲ್ಟಿ ಸಿಕ್ಕಿತ್ತು. ವ್ಯಾನ್ ಪರ್ಸಿಯ ಹೊಡೆತವನ್ನು ಯುನೈಟೆಡ್ ಗೋಲ್‌ಕೀಪರ್ ಡೇವಿಡ್ ಡಿ ಹಿಯಾ ತಡೆದ. ಅದು ಒಳಹೊಕ್ಕಿದ್ದರೆ ಅಂದಿನ ಕಥೆ ಬೇರೆ ದಾರಿ ಹಿಡಿಯಬಹುದಿತ್ತು.

ಎರಡನೆಯದು ಹಳೆಯ ದಾಖಲೆ. ಡಿಕ್ಸನ್ ಮತ್ತು ಕೋಲ್ಸ್ 1997ರಲ್ಲಿ ಮಾಹರ್ ಲೆಕ್ಕವನ್ನು ತಿದ್ದಿದಾಗ ಹೊಸ ಪಂದ್ಯಕ್ಕೆ ಹೆಚ್ಚು ತೂಕ, ಹಳೆಯದಕ್ಕೆ ಕಡಿಮೆ ಕೊಟ್ಟರು. ಆದರೆ ಆ ತೂಕ ಇಳಿಯುವುದು ಬಹಳ ನಿಧಾನ. ಕಳೆದ ವಾರದ ಒಂದು ಫಲಿತಾಂಶ ಕಳೆದ ವರ್ಷದ ಹತ್ತಾರನ್ನು ಅಳಿಸಲಾರದು. ಆರ್ಸೆನಲ್ ಅದಕ್ಕೂ ಹಿಂದಿನ ಹದಿನೈದು ಹಂಗಾಮುಗಳಲ್ಲಿ ಒಮ್ಮೆಯೂ ಮೊದಲ ನಾಲ್ಕರಿಂದ ಹೊರಗೆ ಬಿದ್ದಿರಲಿಲ್ಲ. ಮೂರನೆಯದು ಗೈರುಹಾಜರಿ. ಅಂದು ವರ್ಮೇಲನ್, ಸಾನ್ಯಾ, ವಿಲ್ಶಿಯರ್ ಆಡಿರಲಿಲ್ಲ. ಸಾಂಗ್ ಮತ್ತು ಜೆರ್ವಿನ್ಯೊ ನಿಷೇಧದಲ್ಲಿದ್ದರು. ಗುಂಪಿನ ಮೂಲೆಯಲ್ಲಿ ಕೂತು ‘ಅವರೆಲ್ಲ ವಾಪಸ್ ಬರಲಿ, ನೋಡೋಣ’ ಎಂದ ಅಭಿಮಾನಿಯೊಬ್ಬ ಇದ್ದೇ ಇರುತ್ತಾನೆ. ಅವನ ಮಾತನ್ನು ಉಳಿದವರು ಸಮಾಧಾನದ ಮಾತೆಂದು ತಳ್ಳಿಹಾಕುತ್ತಾರೆ. ನನ್ನ ಮಟ್ಟಿಗೆ ಆ ಕೋಣೆಯಲ್ಲಿ ಲೆಕ್ಕ ಬಲ್ಲವನು ಅವನೇ.

ಆದರೂ ಎಂಟು ಗೋಲು ಏನನ್ನೂ ಹೇಳಲಿಲ್ಲ ಎನ್ನುವುದು ಅನ್ಯಾಯ. ರಕ್ಷಣೆ ಸೊರಗಿತ್ತು, ನಡುಮೈದಾನ ಬರಿದಾಗಿತ್ತು. ವೆಂಗರ್‌ಗೂ ಅದು ಕಂಡಿತು. ಮೂರೇ ದಿನಗಳಲ್ಲಿ, ಆಟಗಾರರ ಖರೀದಿಯ ಗಡುವು ಮುಗಿಯುವ ಮುನ್ನ, ಐದು ಜನ ಬಂದರು: ಮರ್ಟೆಸಾಕರ್, ಆರ್ಟೆಟಾ, ಆಂದ್ರೆ ಸಾಂಟೋಸ್, ಪಾರ್ಕ್ ಚು-ಯಂಗ್, ಮತ್ತು ಎರವಲಾಗಿ ಬೆನಾಯೂನ್. ಮುಂದಿನ ಚೇತರಿಕೆಯಲ್ಲಿ ಇವರ ಪಾಲೆಷ್ಟು, ಕೆಟ್ಟ ಅದೃಷ್ಟ ತಾನಾಗಿ ತೊಲಗಿದ್ದರ ಪಾಲೆಷ್ಟು ಎಂದು ಒಂದೇ ಹಂಗಾಮಿನ ದಾಖಲೆಯಿಂದ ಬಿಡಿಸಿ ಹೇಳಲು ಸಂಖ್ಯಾಶಾಸ್ತ್ರಕ್ಕೂ ಆಗದು.

2012ರ ಮೇ 13, ಕೊನೆಯ ದಿನ. ಮೂರನೇ ಸ್ಥಾನ ಉಳಿಸಿಕೊಳ್ಳಲು ಆರ್ಸೆನಲ್ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ ಗೆಲ್ಲಬೇಕಿತ್ತು, 3-2ರಿಂದ ಗೆದ್ದಿತು. ಮೊದಲ ಗೋಲು ಬೆನಾಯೂನ್‌ನದು, ಎರಡನೆಯದು ಸಾಂಟೋಸ್‌ನದು. ಆರು ದಿನ ಕಳೆದು ಮ್ಯೂನಿಕ್‌ನಲ್ಲಿ ಚೆಲ್ಸಿ ಯುರೋಪಿನ ಚಾಂಪಿಯನ್ ಆಯಿತು, ಆರನೇ ಸ್ಥಾನದಲ್ಲಿದ್ದ ಅದಕ್ಕೆ ಮುಂದಿನ ವರ್ಷದ ಚಾಂಪಿಯನ್ಸ್ ಲೀಗ್‌ನಲ್ಲಿ ಜಾಗ ಕೊಡಬೇಕಾಗಿ ಬಂತು, ನಾಲ್ಕನೇ ಸ್ಥಾನದವರ ಜಾಗ ಹೋಯಿತು. ಒಂದು ಪಾಯಿಂಟ್ ಹಿಂದೆ ಉಳಿದ ಟಾಟನ್‌ಹ್ಯಾಮ್ ಅಭಿಮಾನಿಗಳು ಆ ರಾತ್ರಿ ಹಂಗಾಮಿನ ಯಾವ ಪಂದ್ಯವನ್ನು ನೆನೆದು ಮರುಗಿದರೋ.